ಹನ್ನೊಂದು ಸೀಸದ ನಿಕೋರಾ

ವೈತೋಕಾ ಕೊಲ್ಲಿಯಲ್ಲಿ ನಿಕೋರಾನ ಟವೆಲಿಗೆ ಇರುವಷ್ಟು ಕೀರ್ತಿ ಸುತ್ತಲ ಮೂರು ಊರುಗಳ ಯಾವ ಮನುಷ್ಯನಿಗೂ ಇಲ್ಲ. ಹಸಿರು ಬಣ್ಣದ, ಅಂಚು ಬಿಚ್ಚಿಕೊಂಡ, ಒಂದು ಕಾಲಕ್ಕೆ ಯಾವುದೋ ಹೋಟೆಲಿನ ಸ್ವತ್ತಾಗಿದ್ದ ಟವೆಲು ಅದು. ಸಮುದ್ರಕ್ಕೆ ಇಳಿಯುವ ದಿನ ನಿಕೋರಾ ತನ್ನ ಸೀಸದ ಬೆಲ್ಟನ್ನು ಅದರಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು ಮರಳಿಗೆ ಬರುತ್ತಾನೆ. ನೀರು ಸೊಂಟಕ್ಕೆ ಬರುವವರೆಗೂ ಅದನ್ನು ಬಿಚ್ಚುವುದಿಲ್ಲ. ಸೊಂಟಮಟ್ಟ ನೀರಿನಲ್ಲಿ ಊರಿಗೆ ಬೆನ್ನು ಹಾಕಿ ನಿಂತು, ಬೆಲ್ಟನ್ನು ನೀರೊಳಗೇ ಕಟ್ಟಿಕೊಂಡು, ಒದ್ದೆ ಟವೆಲನ್ನು ದಡದತ್ತ ಎಸೆಯುತ್ತಾನೆ. ಹೆಂಡತಿ ಮೆರೆಯಾನಾ ಅದನ್ನು ಹಿಡಿಯುತ್ತಾಳೆ. ಇಷ್ಟು ವರ್ಷಗಳಲ್ಲಿ ಆಕೆಯ ಕೈ ಒಮ್ಮೆಯೂ ತಪ್ಪಿಲ್ಲ.

ಮುಚ್ಚಿಟ್ಟದ್ದರ ಬಗ್ಗೆ ಜನ ಸುಮ್ಮನಿರುತ್ತಾರೆಯೇ? ಮುತ್ತಾತನ ಕಾಲದ ಕೋವಿಗುಂಡುಗಳನ್ನು ಕರಗಿಸಿ ಆ ಸೀಸ ಹೊಯ್ದದ್ದು ಎಂದರು ಕೆಲವರು. ಅದನ್ನು ಕಣ್ಣಾರೆ ಕಂಡವರಿಗೆ ಆ ದಿನ ಕಡಲಲ್ಲಿ ಒಂದೂ ಪಾವಾ ಚಿಪ್ಪು ಸಿಗುವುದಿಲ್ಲ ಎಂದರು ಇನ್ನು ಕೆಲವರು. ಪಕ್ಕದ ಕೊಲ್ಲಿಯ ಒಬ್ಬ ಪಾದ್ರಿಗಳು, ಚರ್ಚಿನ ಸೂರಿನಿಂದ ಕಳುವಾದ ಸೀಸದ ತಗಡಿನ ಬಗ್ಗೆ ಬಹಳ ವರ್ಷ ಅನುಮಾನ ಇಟ್ಟುಕೊಂಡಿದ್ದರು. ಬೆಲ್ಟಿನಲ್ಲಿ ಸಮುದ್ರದೇವ ಟಂಗರೋವನದೇ ಒಂದು ಹಲ್ಲು ಇದೆ, ಅದಕ್ಕೇ ನಿಕೋರಾ ಮುಳುಗಿದರೆ ಅಷ್ಟು ಹೊತ್ತು ಮೇಲೆ ಬರುವುದಿಲ್ಲ ಎಂಬುದು ಅಡುಗೆಮನೆಯ ಹೆಂಗಸರ ಮತ.

ಟವೆಲಿನೊಳಗೆ ಇದ್ದದ್ದು ಒಂದೊಂದು ಕೆಜಿ ತೂಗುವ ಹನ್ನೊಂದು ಸೀಸದ ಗಟ್ಟಿಗಳು. ಒಂದೊಂದನ್ನೂ ಅವನೇ ತನ್ನ ಶೆಡ್ಡಿನಲ್ಲಿ ಸಾರ್ಡೀನ್ ಡಬ್ಬಿಗೆ ಎರಕ ಹೊಯ್ದು ಮಾಡಿದ್ದ. ಗುಟ್ಟು ಅವುಗಳ ಹುಟ್ಟಿನಲ್ಲಿರಲಿಲ್ಲ, ಸಂಖ್ಯೆಯಲ್ಲಿತ್ತು.

ಪಾವಾ ಎಂಬ ಚಿಪ್ಪುಜೀವಿ ಬಂಡೆಗೆ ಕಚ್ಚಿಕೊಂಡು ಕೂತಿರುತ್ತದೆ; ಅದನ್ನು ಉಸಿರು ಕಟ್ಟಿ ಮುಳುಗಿಯೇ ಕೀಳಬೇಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡರೆ ಕಾನೂನು ಬಿಡುವುದಿಲ್ಲ. ನಮ್ಮ ನೀರು ತಣ್ಣಗೆ, ರಬ್ಬರ್ ಸೂಟು ಬೇಕೇ ಬೇಕು. ರಬ್ಬರ್ ತೇಲುತ್ತದೆ. ಅದರೊಳಗಿನ ಕೊಬ್ಬು ಇನ್ನೂ ಚೆನ್ನಾಗಿ ತೇಲುತ್ತದೆ. ಈ ಎರಡನ್ನೂ ತಳಕ್ಕೆ ಎಳೆಯಲು ಸೊಂಟಕ್ಕೆ ಸೀಸ. ಆದ್ದರಿಂದ ವೈತೋಕಾದಲ್ಲಿ ಒಬ್ಬನ ಬೆಲ್ಟಿನ ಸೀಸ ಎಣಿಸಿದರೆ ಅವನ ಹೊಟ್ಟೆಯ ಜಾತಕ ಓದಿದಂತೆ. ನಿಕೋರಾ ಆರು ಸೀಸದವನಾಗಿ ಮದುವೆಯಾದ. ಮೊದಲ ಮಗಳು ಹುಟ್ಟಿದ ವರ್ಷ ಏಳನೆಯದು ಬಂತು. ಕುರಿ ಉಣ್ಣೆ ಕತ್ತರಿಸುವ ಕೆಲಸ ಬಿಟ್ಟು ರಸ್ತೆ ರಿಪೇರಿಯ ಲಾರಿ ಓಡಿಸಲು ಕೂತಾಗ ಎಂಟು ಮತ್ತು ಒಂಬತ್ತು ಜೋಡಿಯಾಗಿ ಬಂದವು. ಹತ್ತನೆಯದಕ್ಕೆ ಮೊಣಕಾಲಿನ ಆಪರೇಷನ್ ಕಾರಣ. ಹನ್ನೊಂದನೆಯದಕ್ಕೆ ಯಾವ ಕಾರಣವನ್ನೂ ಹೇಳಲಾಗಲಿಲ್ಲ, ಟವೆಲು ಹುಟ್ಟಿಕೊಂಡದ್ದು ಆಗಲೇ.

ಹನ್ನೊಂದು ಸೀಸದ ಈ ವೀರ ತನ್ನ ಮರಾಯೆಗೆ, ಅಂದರೆ ಕುಲದವರೆಲ್ಲ ಸೇರುವ ಸಭಾಮನೆಗೆ, ಇಪ್ಪತ್ತೆರಡು ವರ್ಷಗಳಿಂದ ಪಾವಾ ತಂದುಕೊಡುತ್ತಿದ್ದ. ಮದುವೆ, ಸಾವು, ಯಾವ ಸಭೆಯೇ ಇರಲಿ, ಅಡುಗೆಮನೆಯ ಒಡತಿ ಪಾಯಾ ದೊಡ್ಡಮ್ಮ ಬಾಣಲೆ ಒಲೆಗಿಟ್ಟು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಚೀಲ ಹೊತ್ತ ನಿಕೋರಾ ಗೇಟಿನಲ್ಲಿ ಕಂಡಕೂಡಲೇ "ಬಂದ ನನ್ನ ಗಂಡು" ಅನ್ನುತ್ತಿದ್ದಳು. ಮೊದಲು ಕರಿದ ಪಾವಾ ವಡೆ ಅವನ ತಟ್ಟೆಗೆ. ಈ ಪಟ್ಟ ಅವನಿಗೆ ಬಂದದ್ದು ಮೆರೆಯಾನಾಳ ಅಪ್ಪ, ಮಾವ ಹೋಹೆಪಾನಿಂದ. ಮುಳುಗಲು ಕಲಿಸಿದವನೂ ಮಾವನೇ.

"ಉಸಿರು ಪೂರ್ತಿ ಬಿಟ್ಟಾಗ ನೀರು ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲಬೇಕು" ಎಂದಿದ್ದ ಮಾವ. "ಜಾಸ್ತಿ ಮುಳುಗಿದ್ರೆ ಒಂದು ಸೀಸ ತೆಗಿ, ತೇಲಿದ್ರೆ ಒಂದು ಹಾಕು. ಕೆಳಗೆ ಹೋದಂಗೆ ನೀರು ಸೂಟನ್ನ ಹಿಂಡುತ್ತೆ, ಭಾರ ತಾನಾಗೇ ಏರುತ್ತೆ, ಮರೀಬೇಡ. ಬಕಲ್ ಒಂದೇ ಕೈಗೆ ಬಿಚ್ಚೋ ಹಾಗಿರ್ಲಿ. ಸೀಸ ಕಳೆದ್ರೆ ಮತ್ತೆ ಎರಕ ಹೊಯ್ಬಹುದು. ನಿನ್ನನ್ನ ಮತ್ತೆ ಹೊಯ್ಯೋಕೆ ನಿಮ್ಮಮ್ಮನಿಗೆ ವಯಸ್ಸಾಯ್ತು."

ಮಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಸಮಾಧಿಗೆ ಕಲ್ಲು ನಿಲ್ಲಿಸಿ, ಅದರ ಮೇಲಿನ ಮುಸುಕು ತೆಗೆಯುವ ಕಾರ್ಯ ಈಸ್ಟರ್ ವಾರದಲ್ಲಿ ಎಂದು ನಿಶ್ಚಯವಾಯಿತು. ಆ ಊಟಕ್ಕೆ ಪಾವಾ ತರುವವನೇ ಹೋಹೆಪಾನ ನಿಜವಾದ ವಾರಸುದಾರ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅಷ್ಟರಲ್ಲಿ ಹೂರಿಯಾ ಬಂದಳು.

ಹೂರಿಯಾ ಮೆರೆಯಾನಾಳ ತಂಗಿ. ಹತ್ತೊಂಬತ್ತು ವರ್ಷ ಆಸ್ಟ್ರೇಲಿಯಾದ ಗಣಿಯೊಂದರಲ್ಲಿ ಮನೆಗಾತ್ರದ ಲಾರಿ ಓಡಿಸಿ, ನಲವತ್ತಾರನೆಯ ವಯಸ್ಸಿಗೆ ಸಾಕಾಗಿ, ಅಪ್ಪನ ಮನೆಗೆ ಹಿಂತಿರುಗಿದ್ದಳು. ಬಂದ ಎರಡನೆಯ ವಾರಕ್ಕೇ ಅಪ್ಪನ ಹಳೆಯ ಫಿನ್ಸ್, ಅಂದರೆ ಈಜಲು ಕಾಲಿಗೆ ತೊಡುವ ರಬ್ಬರ್ ರೆಕ್ಕೆ, ಹಾಕಿಕೊಂಡು ಸಮುದ್ರಕ್ಕೆ ಇಳಿದಳು. ಮುಕ್ಕಾಲು ಗಂಟೆಗೆ ಚೀಲದ ತುಂಬ ಪಾವಾ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಿಕೋರಾ ಆಗ ಅಲ್ಲೇ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ.

"ಬಂತು ನೋಡು ನಮ್ಮ ಮೀನುಮರಿ" ಎಂದಳು ಪಾಯಾ ದೊಡ್ಡಮ್ಮ.

ನಿಕೋರಾ ಚಹಾ ಲೋಟವನ್ನು ಕೆಳಗಿಟ್ಟ. ಇಪ್ಪತ್ತೆರಡು ವರ್ಷ ಪಾವಾ ಹೊತ್ತವನಿಗೆ ಆ ಬಾಯಲ್ಲಿ ಒಂದು ಮೀನಿನ ಹೆಸರೂ ಬಂದಿರಲಿಲ್ಲ. ಅಂದು ಮೊದಲ ವಡೆ ಹೂರಿಯಾಳ ತಟ್ಟೆಗೆ ಬಿತ್ತು. ಎರಡನೆಯದೂ ಅವಳಿಗೇ. ಮೂರನೆಯದನ್ನು ದೊಡ್ಡಮ್ಮ ರುಚಿ ನೋಡಲು ತಾನೇ ತಿಂದಳು. ನಾಲ್ಕನೆಯದು ನಿಕೋರಾನಿಗೆ ಬಂದಾಗ ಅದರ ಒಂದು ಅಂಚು ಸೀದಿತ್ತು. ಆ ಸೀದ ಅಂಚನ್ನು ಅವನು ಇವತ್ತಿಗೂ ಮರೆತಿಲ್ಲ.

ಹೊಟ್ಟೆಕಿಚ್ಚು ಒಮ್ಮೆ ಹತ್ತಿದ ಮೇಲೆ ಅದಕ್ಕೆ ಕಟ್ಟಿಗೆಯ ಕೊರತೆಯಿಲ್ಲ. ಹೂರಿಯಾ ನಗುವುದು ಮಾವನಂತೆ ಎಂದು ಯಾರೋ ಹೇಳಿದರು, ಉರಿಯಿತು. ಅವಳು ನೀರಿನಿಂದ ಬರುವಾಗ ಏದುಸಿರು ಬಿಡುವುದಿಲ್ಲ ಎಂದು ಹೆಂಡತಿಯೇ ಹೇಳಿದಳು, ಇನ್ನೂ ಉರಿಯಿತು. ಅವಳು ಕಿತ್ತ ಪಾವಾಗಳೆಲ್ಲ ಒಂದೇ ಅಳತೆಯವು, ಅಚ್ಚಿನಲ್ಲಿ ತೆಗೆದಂತೆ. ತಾನು ಕಿತ್ತವು ದೊಡ್ಡವು ಎಂದು ನಿಕೋರಾ ಸಮಾಧಾನ ಹೇಳಿಕೊಂಡ. ಆಗ ದೊಡ್ಡಮ್ಮ, "ದೊಡ್ಡವು ಬೇಯೋಕೆ ತಡ ಕಣೋ, ಬಲೀತಾವೆ" ಎಂದಳು. ಇಪ್ಪತ್ತೆರಡು ವರ್ಷ ಬಲಿಯದ ಪಾವಾ ಈ ವರ್ಷ ಬಲಿತುಬಿಟ್ಟಿತ್ತು.

ಕಾರ್ಯಕ್ಕೆ ಹತ್ತು ದಿನ ಇರುವಾಗ ರಾವಿರಿ ಅಜ್ಜ ಪತ್ರ ಬರೆದ. ಊಟದ ದಿನಗಳಿಗೆ ಮಾಮೂಲಿಗಿಂತ ಹೆಚ್ಚು ಪಾವಾ ಬೇಕಾದಾಗ, ಕಡಲು ಕಾಯುವ ಹಿರಿಯ ಒಂದು ಅಪ್ಪಣೆಪತ್ರ ಬರೆದು ಕೊಡಬೇಕು: ಯಾವ ಬಂಡೆ, ಯಾವ ದಿನ, ಎಷ್ಟು, ಮುಳುಗುವವರು ಯಾರು. ವೈತೋಕಾದಲ್ಲಿ ಆ ಹಿರಿಯ ರಾವಿರಿ ಅಜ್ಜ. ಪತ್ರ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟುತ್ತದೆ. ನಿಕೋರಾ ನೀರು ಕುಡಿಯುವ ನೆಪದಲ್ಲಿ ಹೋಗಿ ಓದಿದ. ಮುಳುಗುವವರು: ಹೂರಿಯಾ, ನಿಕೋರಾ.

ಅವನು ಅಜ್ಜನ ಮನೆಯ ಜಗುಲಿಗೆ ಹೋದ. ಅಜ್ಜ ಬಲೆ ಹೆಣೆಯುತ್ತ ಕೂತಿದ್ದ.

"ಅಜ್ಜ, ಪತ್ರದಲ್ಲಿ ಎರಡು ಹೆಸರಿದೆ."

"ಹೌದು. ಎಣಿಸೋಕೆ ಬರುತ್ತೆ ನಿಂಗೆ."

"ಅವಳ ಹೆಸರು ಮೇಲಿದೆ."

"ಎರಡು ಹೆಸರು ಬರೆದ್ರೆ ಒಂದು ಮೇಲೆ ಬಂದೇ ಬರುತ್ತೆ ಕಣೋ. ಪಕ್ಕಪಕ್ಕ ಬರೆಯೋಕೆ ಕಾಗದ ಅಗಲ ಇರ್ಲಿಲ್ಲ."

"ವಯಸ್ಸಿನ ಪ್ರಕಾರ ಬರೀಬಹುದಿತ್ತು."

ಅಜ್ಜ ಕನ್ನಡಕ ತೆಗೆದು ಅವನ ಮುಖವನ್ನೂ ಆಮೇಲೆ ಹೊಟ್ಟೆಯನ್ನೂ ನೋಡಿದ. "ಇನ್ನೂರು ಪಾವಾ ನಿಕೋರಾ. ನೀರು ತಣ್ಣಗಾಗ್ತಿದೆ. ಅವಳು ಮುಂದೆ ಹೋಗ್ಲಿ, ನೀನು ಹಿಂದೆ ನೋಡ್ಕೋ. ನಿನಗೂ ವಿಶ್ರಾಂತಿ."

ವಿಶ್ರಾಂತಿ ಎಂಬ ಮಾತನ್ನು ನಿಕೋರಾ ದಾರಿಯುದ್ದಕ್ಕೂ ಅಗಿದ. ಅದು ನುಂಗುವ ಹದಕ್ಕೆ ಬರಲಿಲ್ಲ.

ಮರುದಿನ ಮಧ್ಯಾಹ್ನ, ಹೂರಿಯಾಳಿಂದ ಯಾವತ್ತೋ ತಂದಿದ್ದ ಕೇಕಿನ ತಟ್ಟೆ ಹಿಂತಿರುಗಿಸುವ ಪವಿತ್ರ ಕರ್ತವ್ಯ ಅವನಿಗೆ ಥಟ್ಟನೆ ನೆನಪಾಯಿತು. ಹೂರಿಯಾ ಮನೆಯಲ್ಲಿರಲಿಲ್ಲ, ಅವಳ ಕಾರು ಇರಲಿಲ್ಲ ಎಂಬುದನ್ನು ಖಚಿತ ಮಾಡಿಕೊಂಡ ಮೇಲೆಯೇ ನೆನಪಾಯಿತು ಅನ್ನಬೇಕು. ಹಿತ್ತಲ ಜಗುಲಿಯಲ್ಲಿ ಅವಳ ದಪ್ಪ ಸೂಟು ಒಣಗಲು ನೇತುಬಿದ್ದಿತ್ತು. ಪಕ್ಕದ ಮೊಳೆಗೆ ಬೆಲ್ಟು. ಟವೆಲಿಲ್ಲ, ಮುಸುಕಿಲ್ಲ, ಹಾದಿಹೋಕರಿಗೆಲ್ಲ ಕಾಣುವಂತೆ ನಾಚಿಕೆಯಿಲ್ಲದೆ ನೇತಾಡುತ್ತಿತ್ತು.

ನಿಕೋರಾ ಎಣಿಸಿದ. ನಾಲ್ಕು.

ಎಡದಿಂದ ಎಣಿಸಿದ್ದು ತಪ್ಪಿರಬಹುದೆಂದು ಬಲದಿಂದ ಎಣಿಸಿದ. ನಾಲ್ಕೇ. ಬೆರಳಿಟ್ಟು ಎಣಿಸಬೇಕೆಂದು ಮುಂದಾದ. ಬೇರೊಬ್ಬರ ಬೆಲ್ಟು ಮುಟ್ಟುವುದು ಮರ್ಯಾದೆಯಲ್ಲ ಎಂದು ಕೈ ಹಿಂತೆಗೆದ. ಅವನ ಜೀವನದಲ್ಲಿ ಮರ್ಯಾದೆ ಇಷ್ಟು ತಪ್ಪು ಹೊತ್ತಿನಲ್ಲಿ ಅಡ್ಡಬಂದದ್ದು ಅದೊಂದೇ ಸಲ.

ಮನೆಗೆ ಬಂದವನು ಬ್ರೆಡ್ಡಿಗೆ ಬೆಣ್ಣೆ ಹಚ್ಚದೆ ತಿಂದ. ಮೆರೆಯಾನಾ ಇದನ್ನು ಕಂಡು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಏನಾಯ್ತು? ಜ್ವರಾನಾ?"

"ನಿನ್ನ ತಂಗಿ ತೂಕ ಎಷ್ಟು?"

"ಏನು?"

"ಸುಮ್ನೆ ಕೇಳಿದೆ."

"ಹೆಂಡ್ತಿ ತಂಗಿ ತೂಕ ಯಾರಾದ್ರೂ ಸುಮ್ನೆ ಕೇಳ್ತಾರಾ? ನನ್ನಷ್ಟೇ ಇದಾಳೆ. ನನ್ನ ಸ್ವೆಟರ್ ಅವಳಿಗೆ ಸರಿಹೋಗುತ್ತೆ."

ನಿಕೋರಾ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ. ಮೆರೆಯಾನಾ ತೆಳ್ಳಗಿನವಳಲ್ಲ. ಆ ಮೈಗೆ ಆ ದಪ್ಪ ಸೂಟು ತೊಟ್ಟು ನಾಲ್ಕೇ ಸೀಸಕ್ಕೆ ಮುಳುಗುವವಳೆಂದರೆ ಅದು ಬರಿ ವಿದ್ಯೆಯಲ್ಲ. ಮಾವ ಏನೋ ಒಂದು ಗುಟ್ಟನ್ನು ಅಳಿಯನಿಗೆ ಕಲಿಸದೆ ಮಗಳಿಗೆ ಕಲಿಸಿ ಹೋಗಿದ್ದಾನೆ. ಸತ್ತ ಮಾವನ ಮೇಲೂ ಅವನಿಗೆ ಹೊಟ್ಟೆ ಉರಿಯಿತು.

"ಹಾಗೆ ಯಾಕೆ ನೋಡ್ತಿದೀಯಾ?" ಎಂದಳು ಮೆರೆಯಾನಾ.

"ಏನಿಲ್ಲ. ಬೆಣ್ಣೆ ತಗೊಂಡು ಹೋಗು ಕಣ್ಣಮುಂದಿಂದ."

ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡು ಅವನು ಬೆಲ್ಟಿನಿಂದ ಏಳು ಸೀಸ ತೆಗೆದ. ಹನ್ನೊಂದನೆಯದು, ಹತ್ತನೆಯದು, ಲಾರಿಯ ಜೋಡಿ, ಮಗಳದು, ಮದುವೆಯ ದಿನದ ಆರರಲ್ಲೂ ಎರಡು. ಉಳಿದ ನಾಲ್ಕನ್ನು ಸಮವಾಗಿ ಹರಡಿ ಕಟ್ಟಿ ನೋಡಿದ. ಇಪ್ಪತ್ತು ವರ್ಷ ಇಳಿದಂತಾಯಿತು. ಅಂದು ಆ ಶೆಡ್ಡಿನಲ್ಲಿ, ನೀರಿಲ್ಲದ ಕಡೆ, ನಿಕೋರಾನಂಥ ಮುಳುಗುಗಾರ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ.

ಗುರುವಾರ ಬೆಳಿಗ್ಗೆ ಕಡಲು ಶಾಂತವಾಗಿತ್ತು. ರಾವಿರಿ ಅಜ್ಜ ಮರಳಲ್ಲಿ ನಿಂತು ಪ್ರಾರ್ಥನೆ ಹೇಳಿ, ಮೊದಲ ಪಾವಾ ಟಂಗರೋವನಿಗೆ ಹಿಂತಿರುಗಿಸುವುದನ್ನು ನೆನಪಿಸಿ, ಕಲ್ಲು ನಿಲ್ಲಿಸುವವರನ್ನು ನೋಡಲು ಸ್ಮಶಾನದ ಕಡೆ ಹೊರಟ. ದಡದಲ್ಲಿ ಉಳಿದವರು ಪಾಯಾ ದೊಡ್ಡಮ್ಮ, ಮೆರೆಯಾನಾ ಮತ್ತು ಐದು ಖಾಲಿ ಬಕೆಟ್ಟುಗಳು.

ಅಂದು ನಿಕೋರಾನ ಬೆಲ್ಟಿಗೆ ಟವೆಲಿರಲಿಲ್ಲ.

"ಎಲ್ಲೋ ನಿನ್ನ ಕೂಸಿನ ಬಟ್ಟೆ?" ಎಂದಳು ದೊಡ್ಡಮ್ಮ.

"ಒಗೆಯೋಕೆ ಹಾಕಿದೀನಿ" ಎಂದ ನಿಕೋರಾ, ಸೊಂಟದ ಮೇಲೆ ಕೈಯಿಟ್ಟು ಸಾಕಷ್ಟು ಹೊತ್ತು ತಿರುಗಿ ನಿಂತು. ದೊಡ್ಡಮ್ಮನ ತುಟಿ ಎಣಿಸುತ್ತ ಅಲ್ಲಾಡಿದ್ದನ್ನು ಅವನು ನೋಡಿದ. ನಾಲ್ಕಕ್ಕೆ ನಿಂತದ್ದನ್ನೂ ನೋಡಿದ. ಮೆರೆಯಾನಾ ಮಾತ್ರ ಹುಬ್ಬು ಗಂಟು ಹಾಕಿದಳು.

ಹೂರಿಯಾ ಆಗಲೇ ನೀರಲ್ಲಿದ್ದಳು. ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ, ಸೊಂಟ ಮಡಿಸಿ, ಕಾಲು ಮೇಲೆತ್ತಿದಳು. ಬೆಣ್ಣೆಗೆ ಚಾಕು ಇಳಿದಂತೆ ಇಳಿದುಹೋದಳು. ನಿಕೋರಾ ಬಂಡೆಯವರೆಗೆ ಈಜಿ, ಎದೆ ತುಂಬ ಉಸಿರು ತೆಗೆದುಕೊಂಡು, ಅದೇ ರೀತಿ ಸೊಂಟ ಮಡಿಸಿ ಕಾಲು ಮೇಲೆತ್ತಿದ.

ತಲೆ ಮುಳುಗಿತು. ಭುಜ ಮುಳುಗಿತು. ಅಲ್ಲಿಂದ ಮುಂದಕ್ಕೆ ಮಾತುಕತೆ ಮುರಿದುಬಿತ್ತು. ಫಿನ್ಸ್ ಗಾಳಿಯನ್ನು ಬಡಿದವು. ಅವನ ಹಿಂಭಾಗ, ಬಿಸಿಲಿಗೆ ಮೈಕಾಯಿಸುವ ಸೀಲ್ ಪ್ರಾಣಿಯಂತೆ ಮಿರಮಿರ ಮಿಂಚುತ್ತ ನೀರಿನ ಮೇಲೆ ನಿಂತಿತು.

ಎರಡನೆಯ ಸಲ ಇನ್ನೂ ಜೋರಾಗಿ ಒದ್ದ. ಕೈಗೆ ಕಡಲಕಳೆಯ ತುದಿ ಸಿಕ್ಕಿತು, ಹಿಡಿದೆಳೆದ, ಕಳೆ ಕಿತ್ತು ಬಂತು, ಅವನು ಮೇಲೆ ಬಂದ. ಮೂರನೆಯ ಸಲಕ್ಕೆ ದಡದಿಂದ ದೊಡ್ಡಮ್ಮನ ದನಿ ನೀರ ಮೇಲೆ ಹಾಯಾಗಿ ತೇಲಿಬಂತು:

"ಮೆರೆಯಾನಾ, ನಿನ್ನ ಗಂಡ ಪಾವಾ ಹಿಡೀತಿದಾನಾ, ಇಲ್ಲಾ ಹಡಗಿಗೆ ದಾರಿ ತೋರಿಸ್ತಿದಾನಾ?"

ಪಕ್ಕದಲ್ಲಿ ಹೂರಿಯಾ ಮೇಲೆ ಬಂದಳು. ಚೀಲದಲ್ಲಿ ಆರು ಪಾವಾ. "ಭಾವ, ಏನಾದ್ರೂ ತೊಂದ್ರೆನಾ? ಸೀಸ ಕಮ್ಮಿ ಆಯ್ತಾ?"

ಆ ಎರಡನೆಯ ಪ್ರಶ್ನೆಗೆ ಹೌದು ಎಂದಿದ್ದರೆ ಈ ಕತೆ ಅಲ್ಲಿಗೆ ಸಭ್ಯವಾಗಿ ಮುಗಿಯುತ್ತಿತ್ತು.

"ಇಲ್ಲ. ಜಾಗ ನೋಡ್ತಿದ್ದೆ" ಎಂದ ನಿಕೋರಾ. "ಆ ಕಡೆ ಮೂಲೆಗೆ ಹೋಗ್ತೀನಿ. ನೀನು ಹಿಂದೆ ಬರಬೇಡ."

ಆ ಕಡೆ ಮೂಲೆಯಲ್ಲಿ ಬಂಡೆಯ ಮರೆ, ಮರೆಯಲ್ಲಿ ಮೊಣಕಾಲುದ್ದ ನೀರು, ನೀರಿನಲ್ಲಿ ಉರುಟುಕಲ್ಲುಗಳ ರಾಶಿ. ಏಳು ಸೀಸ ತೆಗೆದಿದ್ದೇನೆ, ಏಳು ಕಲ್ಲು ಹಾಕಿದರೆ ಸರಿಹೋಯಿತು ಎಂದು ನಿಕೋರಾ ಲೆಕ್ಕ ಹಾಕಿದ. ಲೆಕ್ಕದಲ್ಲಿ ಅವನು ಯಾವಾಗಲೂ ಚುರುಕು. ಸಾರ್ಡೀನ್ ಡಬ್ಬಿ ಎಷ್ಟು ದೊಡ್ಡದು, ಉರುಟುಕಲ್ಲು ಎಷ್ಟು ದೊಡ್ಡದು ಎಂಬ ಸಣ್ಣ ವಿಚಾರಕ್ಕೆ ಆಗ ಸಮಯವಿರಲಿಲ್ಲ. ಸೂಟಿನ ಮುಂದಿನ ಜಿಪ್ ಎಳೆದು ಒಂದೊಂದಾಗಿ ತೂರಿಸಿದ. ಐದನೆಯದರ ಹೊತ್ತಿಗೆ ಉಸಿರಾಡಲು ಜಾಗ ಕಡಿಮೆಯಾಯಿತು. ಏಳನೆಯದನ್ನು ಹಾಕಿ ಜಿಪ್ ಮೇಲೆಳೆದಾಗ ಅದು ಕಿರುಗುಟ್ಟಿ, ಇನ್ನು ನನ್ನನ್ನು ಕೇಳಬೇಡ ಎನ್ನುವಂತೆ ಅರ್ಧಕ್ಕೆ ಕಚ್ಚಿಕೊಂಡಿತು.

ಬಂಡೆಯ ಆಚೆ ನೀರು ಎರಡಾಳು ಆಳ. ನಿಕೋರಾ ಸೊಂಟ ಮಡಿಸಿದ. ಕಾಲು ಎತ್ತಬೇಕಾದ ಅಗತ್ಯವೇ ಬೀಳಲಿಲ್ಲ.

ಅವನು ಇಳಿದ. ಹೂರಿಯಾಳಿಗಿಂತ ವೇಗವಾಗಿ ಇಳಿದ, ಮಾವನಿಗಿಂತ ವೇಗವಾಗಿ ಇಳಿದ, ಲಂಗರುಗಳು ಕಂಡಿದ್ದರೆ ತಲೆಬಾಗುತ್ತಿದ್ದವು. ಇಳಿಯುತ್ತಿದ್ದಂತೆ ಏಳು ಕಲ್ಲುಗಳೂ ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಮೆರವಣಿಗೆ ಹೊರಟವು. ತಳದಲ್ಲಿ, ಮೂಗಿನ ಮುಂದೆಯೇ, ಕೈಯಗಲದ ಪಾವಾಗಳು ಸಾಲಾಗಿ ಕೂತಿದ್ದವು. ಒಂದು ಕ್ಷಣ ಅವನಿಗೆ ನಿಜವಾಗಿ ಖುಷಿಯಾಯಿತು. ಎರಡು ಕಿತ್ತು ಚೀಲಕ್ಕೆ ಹಾಕಿದ. ಮೂರನೆಯದಕ್ಕೆ ಕೈ ಹಾಕುವಾಗ ಎದೆ ಉಸಿರು ಕೇಳಿತು. ಸರಿ ಎಂದು ಮೇಲಕ್ಕೆ ತಿರುಗಿದ. ಕಲ್ಲುಗಳೂ ತಿರುಗಿದವು. ಗಂಟಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ಇಳಿದು ಅಲ್ಲೇ ನೆಲೆನಿಂತವು. ಒದ್ದ. ಒಂದು ಮೊಳ ಎದ್ದ, ಒಂದು ಮೊಳ ಇಳಿದ. ನೀರು ಸೂಟನ್ನು ಹಿಂಡಿತ್ತು, ಮೇಲೆತ್ತುವ ರಬ್ಬರಿನ ಗಾಳಿಯೂ ಸೊರಗಿತ್ತು. ಕೈ ತಾನಾಗಿಯೇ ಬಕಲಿಗೆ ಹೋಯಿತು, ಒಂದೇ ಎಳೆತಕ್ಕೆ ಬಿಚ್ಚಿತು. ಬೆಲ್ಟು ಬಿದ್ದುಹೋಯಿತು. ನಾಲ್ಕು ಸೀಸ ಹೋದವು, ಏಳು ಕಲ್ಲು ಉಳಿದವು. ಕಲ್ಲಿಗೆ ಬಕಲಿಲ್ಲ.

ಆ ಹೊತ್ತಿನಲ್ಲಿ ಅವನಿಗೆ ಹೆಂಡತಿ ಮಕ್ಕಳು ನೆನಪಾಗಬೇಕಿತ್ತು. ನೆನಪಾದದ್ದು ಇಷ್ಟು: ನಾನು ಸತ್ತರೆ ಪತ್ರದಲ್ಲಿ ಅವಳ ಹೆಸರೊಂದೇ ಉಳಿಯುತ್ತದೆ.

ಆಗ ಕಂಕುಳಿಗೆ ಒಂದು ಕೈ ಬಿತ್ತು.

ಹಿಂದೆ ಬರಬೇಡ ಎಂದಿದ್ದಕ್ಕೇ ಹೂರಿಯಾ ಹಿಂದೆ ಬಂದಿದ್ದಳು. ತನ್ನ ಬೆಲ್ಟನ್ನೂ ಬಿಚ್ಚಿ ಬೀಳಿಸಿ, ಭಾವನ ಕಂಕುಳಿಗೆ ಕೈಹಾಕಿ, ಎರಡು ಜನರ ಭಾರಕ್ಕೆ ಒಬ್ಬಳೇ ಒದ್ದು ಮೇಲೆ ತಂದಳು. ನಿಕೋರಾ ಗಾಳಿ ನುಂಗಿ ಕೆಮ್ಮಿ ಮತ್ತೆ ನುಂಗಿದ. ಅವಳು ಅವನನ್ನು ಮರಳಿನವರೆಗೆ ಎಳೆದು ಹಾಕಿದಳು. ಮೆರೆಯಾನಾ ಬಿಳಿಚಿಕೊಂಡು ಓಡಿಬಂದಳು.

"ಜಿಪ್ ಬರ್ತಿಲ್ಲ. ಕಾಲು ನೋಡಿ, ಊದಿದೆ" ಎಂದು ಹೂರಿಯಾ ಗಾಬರಿಯಾದಳು. ನಿಜಕ್ಕೂ ಅವನ ಮೊಣಕಾಲುಗಳು ಕುಂಬಳಕಾಯಿಯಂತಿದ್ದವು.

ಪಾಯಾ ದೊಡ್ಡಮ್ಮ ಸೊಂಟದಿಂದ ಮೀನಿನ ಚಾಕು ತೆಗೆದಳು. "ಹುಡುಗಾಟ ಆಡಬೇಡ, ಅಲ್ಲಾಡದೆ ಬಿದ್ಕೋ" ಎಂದು ಕತ್ತಿನಿಂದ ಹಿಮ್ಮಡಿಯವರೆಗೆ, ಬಂಗಡೆ ಸೀಳಿದಂತೆ ಸೂಟನ್ನು ಸೀಳಿದಳು. ಒಂದು ಕಲ್ಲು ಮರಳಿಗೆ ಉರುಳಿತು. ಆಮೇಲೆ ಎರಡು. ಆಮೇಲೆ ಉಳಿದ ನಾಲ್ಕು. ಗಾಳಿಗೆ ಬಕೆಟ್ಟುಗಳು ಟಣಟಣ ಎಂದವು.

"ಇವು ಪಾವಾ ಅಲ್ಲ ಕಣೋ" ಎಂದಳು ದೊಡ್ಡಮ್ಮ ಕೊನೆಗೆ.

ಮೆರೆಯಾನಾ ಮೊದಲು ಅತ್ತಳು, ಆಮೇಲೆ ಗಂಡನ ತೋಳಿಗೆ ಚೆನ್ನಾಗಿ ಒಂದು ಬಿಟ್ಟಳು. "ಶೆಡ್ಡಲ್ಲಿ ಏಳು ಸೀಸ ಬಿದ್ದಿದ್ದು ಕಂಡಾಗ್ಲೇ ಕೇಳ್ಬೇಕಿತ್ತು ನಾನು. ಯಾಕೆ ತೆಗೆದೆ?"

ನಿಕೋರಾ ಆಕಾಶ ನೋಡಿದ.

ಅಷ್ಟರಲ್ಲಿ ಹೂರಿಯಾ ಅವನ ಕಲ್ಲುಗಳನ್ನೇ ಅವುಚಿಕೊಂಡು ಮತ್ತೆ ಮುಳುಗಿ ಎರಡೂ ಬೆಲ್ಟುಗಳನ್ನು ಸಲಕ್ಕೊಂದರಂತೆ ತಂದು ಮರಳಿಗೆ ಹಾಕಿದಳು. ದಾರಿಯಲ್ಲಿ ಬಿದ್ದಿದ್ದ ತಂಗಿಯ ಬೆಲ್ಟನ್ನು ಮೆರೆಯಾನಾ ಸರಿಸಲು ಹೋದಳು, ಅದು ಸರಿಯಲಿಲ್ಲ. ದೊಡ್ಡಮ್ಮ ಎರಡು ಕೈಯಲ್ಲಿ ಎತ್ತಿದಳು.

"ಇದೇನೇ ಹೂರಿಯಾ, ಸತ್ತ ಹಂದಿ ಇದ್ದಂಗಿದೆ."

"ಒಂದೊಂದು ಮೂರು ಕೆಜಿ ದೊಡ್ಡಮ್ಮ. ಗಣಿಯಲ್ಲಿ ಹೊಯ್ಸಿಕೊಂಡಿದ್ದು. ಹತ್ತೊಂಬತ್ತು ವರ್ಷ ಬಿಸಿಲಲ್ಲಿದ್ದೆ ನೋಡು, ಇಲ್ಲಿ ನೀರು ಕೊರೆಯುತ್ತೆ. ದಪ್ಪ ಸೂಟಿಗೆ ಹನ್ನೆರಡು ಕೆಜಿ ಇಲ್ದಿದ್ರೆ ನಾನು ಮುಳುಗೋದೇ ಇಲ್ಲ."

ನಿಕೋರಾ ಮಲಗಿದಲ್ಲಿಂದಲೇ ಲೆಕ್ಕ ಹಾಕಿದ. ತನ್ನದು ಹನ್ನೊಂದು ಕೆಜಿ. ಅವಳದು ಹನ್ನೆರಡು. ಈ ವಿಷಯ ಅವನಿಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ಹನ್ನೆರಡು ಕೆಜಿಯನ್ನು ನಾಲ್ಕರಂತೆ ಕಾಣಿಸುವುದು ಹೇಗೆಂದು ಇವಳಿಗೆ ಹೊಳೆದು, ತನಗೆ ಹನ್ನೊಂದು ಸಾರ್ಡೀನ್ ಡಬ್ಬಿ ಖಾಲಿ ಮಾಡಿದರೂ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಈಗ ಇನ್ನೊಂದು ಮಗ್ಗುಲಿಂದ ಉರಿಯತೊಡಗಿತು.

ಹೂರಿಯಾ ಅವನ ಪಕ್ಕ ಕೂತು ಫಿನ್ಸ್ ಕಳಚಿದಳು. "ಭಾವ, ನಿನ್ನ ಹಿಂದೆ ಹಿಂದೆ ಬಂದು ಅಪ್ಪನ ಜಾಗಗಳನ್ನ ಕಲೀಬಹುದು ಅಂತ ಹೆಸರು ಬರೆಸಿದೆ ನಾನು. ಎಲ್ಲೆಲ್ಲಿ ಇದೆ ಅಂತ ಅಪ್ಪ ನಿನಗೆ ಮಾತ್ರ ತೋರಿಸಿದ್ದು."

ಅವಳು ಒಳ್ಳೆಯವಳೂ ಆಗಿದ್ದಳು. ಇದನ್ನು ಸಹಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ನಿಕೋರಾ ಕಣ್ಣು ಮುಚ್ಚಿಕೊಂಡು, "ಆ ಮೂಲೆ, ಚಪ್ಪಟೆ ಬಂಡೆ ಹಿಂದೆ, ಸೀಳಿನಲ್ಲಿ" ಎಂದಷ್ಟೇ ಹೇಳಿದ. ಟಂಗರೋವನಿಗೆ ಹಿಂತಿರುಗಿಸಿದ ಒಂದನ್ನು ಕಳೆದು, ಉಳಿದ ನೂರಾ ತೊಂಬತ್ತಮೂರು ಪಾವಾಗಳನ್ನು ಆ ದಿನವೂ ಮರುದಿನವೂ ಹೂರಿಯಾ ಒಬ್ಬಳೇ ತಂದಳು. ಇವನು ಹರಿದ ಸೂಟನ್ನು ಹೊದ್ದುಕೊಂಡು ದಡದಲ್ಲಿ ಕೂತು, ಎಡಕ್ಕೆ, ಬಲಕ್ಕೆ ಎಂದು ಕೈ ಮಾಡಿ ತೋರಿಸಿದ.

ಶನಿವಾರ ಹೋಹೆಪಾನ ಕಲ್ಲಿನ ಮುಸುಕು ತೆಗೆದರು. ಅತ್ತರು, ಹಾಡಿದರು, ಆಮೇಲೆ ಊಟಕ್ಕೆ ಕೂತರು. ನೆಲದೊಳಗೆ ಬೇಯಿಸಿದ ಹಂದಿ, ಗೆಣಸು, ಕೆನೆಯಲ್ಲಿ ಕುದಿಸಿದ ಪಾವಾ, ವಡೆಗಳ ಗುಡ್ಡ. ದಡದಲ್ಲಿ ನಡೆದದ್ದನ್ನು ಮೂವರು ಹೆಂಗಸರೂ ಬಾಯಿಬಿಟ್ಟಿರಲಿಲ್ಲ. ರಾವಿರಿ ಅಜ್ಜನಿಗೆ ಪಾಯಾ ದೊಡ್ಡಮ್ಮ ಹೇಳಿದ್ದು ಒಂದೇ ಮಾತು: ನಿಕೋರಾ ನೀರಿನಿಂದ ಮೇಲೆ ಬಂದ, ಹೂರಿಯಾಗೆ ಜಾಗ ತೋರಿಸಿಕೊಟ್ಟ.

ಅಷ್ಟು ಸಾಕಾಯಿತು. ಅಜ್ಜ ಊರುಗೋಲು ಹಿಡಿದು ಎದ್ದು ನಿಂತ. ಹರಟೆ ನಿಂತಿತು.

"ಕೇಳಿ" ಎಂದ ಅಜ್ಜ. "ಹೋಹೆಪಾ ನನ್ನ ಗೆಳೆಯ. ಅವನ ನಂತರ ಕಡಲು ಯಾರದು ಅಂತ ನಾನು ವರ್ಷ ಪೂರ್ತಿ ಚಿಂತೆ ಮಾಡಿದೆ. ಇವತ್ತು ಉತ್ತರ ಸಿಕ್ತು. ನಮ್ಮ ಹಿಂದಿನ ನಾಯಕರು ದೋಣಿ ನಡೆಸೋರು. ತೋಳು ಸೋತಾಗ ಅಲ್ಲ, ತೋಳಲ್ಲಿ ಇನ್ನೂ ಬಲ ಇದ್ದಾಗ್ಲೇ ಹುಟ್ಟನ್ನ ಮುಂದಿನವರ ಕೈಗೆ ಕೊಡೋರು. ಈ ಗುರುವಾರ ನಮ್ಮ ನಿಕೋರಾ ಅದನ್ನೇ ಮಾಡಿದ. ನೀರಿಗಿಳಿದ, ಕಡಲನ್ನ ಒಂದ್ಸಲ ನೋಡಿದ, ದಡಕ್ಕೆ ಬಂದು ಕೂತ. ಇಪ್ಪತ್ತೆರಡು ವರ್ಷದ ಪಟ್ಟವನ್ನ ಒಂದು ಮಾತಿಲ್ಲದೆ ಮಾವನ ಮಗಳಿಗೆ ಬಿಟ್ಟುಕೊಟ್ಟ. ಇಷ್ಟು ದೊಡ್ಡ ಮನಸ್ಸು ನಾನು ಈ ವಯಸ್ಸಿನವರೆಗೆ ಕಂಡಿಲ್ಲ."

ಹೆಂಗಸರು ಕಣ್ಣೊರೆಸಿಕೊಂಡರು. ಗಡ್ಡದ ಗಂಡಸರು ಮೂಗೊರೆಸಿಕೊಂಡರು. ಪಾಯಾ ದೊಡ್ಡಮ್ಮ ಮೊದಲ ವಡೆಯನ್ನು, ಎಲ್ಲೂ ಸೀಯದ, ಅಂಗೈಯಗಲದ ವಡೆಯನ್ನು, ಎಲ್ಲರ ಎದುರಿಗೆ ತಂದು ನಿಕೋರಾನ ತಟ್ಟೆಗೆ ಇಟ್ಟಳು. ವೈತೋಕಾ ಎಂದೂ ಅವನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಎದುರು ಕೂತ ಹೂರಿಯಾ ತಲೆ ತಗ್ಗಿಸಿ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು.

ಅಜ್ಜ ಜೇಬಿನಿಂದ ಕಾಗದ ತೆಗೆದ. "ಮುಂದಿನ ತಿಂಗಳ ಮದುವೆಗೆ ಪತ್ರ ಬರೀತಿದೀನಿ. ಇನ್ನು ಮೇಲೆ ಒಂದೇ ಹೆಸರು, ಹೂರಿಯಾ. ನಿಕೋರಾ, ನಿನ್ನ ಬಾಯಿಂದಾನೂ ಒಂದು ಮಾತು ಬರಲಿ ಮಗಾ."

ಇಡೀ ಸಭೆ ತಿರುಗಿತು. ಮೆರೆಯಾನಾ ಮೇಜಿನ ಕೆಳಗೆ ಗಂಡನ ಕಾಲು ತುಳಿದಳು. ನಿಕೋರಾ ಬಾಯಲ್ಲಿದ್ದ ವಡೆಯನ್ನು ನಿಧಾನವಾಗಿ ಅಗಿದು ನುಂಗಿ, ಎದ್ದು ನಿಂತ.

"ಹಾಗೇನಿಲ್ಲ ಅಜ್ಜ. ಸೂಟು ಹರಿದಿತ್ತು. ಹೊಸದು ಮಂಗಳವಾರ ಬರುತ್ತೆ."